ನಡೆಯಲಿಕ್ಕೂ ಒಂದು ನೆವ ಬೇಕು

‘ನಡೆಯಲಿಕ್ಕೂ ಮೊಬೈಲ್ ಬೇಕೇನು?’ ಎಂದು ಕೇಳುವವರು ಉತ್ತರಕ್ಕೆ ಕಾಯುವುದಿಲ್ಲ. ಕೇಳುವ ಧಾಟಿಯಲ್ಲೇ ಉತ್ತರ ಇರುತ್ತದೆ. ಸ್ಟಾಫ್ ರೂಮಿನಲ್ಲಿ, ಮದುವೆಯ ಪಂಕ್ತಿಯಲ್ಲಿ, ಪುಸ್ತಕ ಬಿಡುಗಡೆಯ ನಂತರದ ಚಹಾದ ಹೊತ್ತಿನಲ್ಲಿ ನಾನು ಇದನ್ನು ಎಷ್ಟೋ ಸಲ ಕೇಳಿಸಿಕೊಂಡಿದ್ದೇನೆ. ಕೇಳುವವರು ಹೆಚ್ಚಾಗಿ ಓದಿದವರು, ಹೆಚ್ಚಾಗಿ ಗಂಡಸರು, ತಮಗೆ ಬೇಕಾದಾಗ ಬೇಕಾದತ್ತ ನಡೆದು ಹೋಗಬಲ್ಲವರು. ಅವರು ಕಾಯದೆ ಹೋದದ್ದರಿಂದ ಉತ್ತರವನ್ನು ಇಲ್ಲಿ ಬರೆಯುತ್ತಿದ್ದೇನೆ.

ಹೌದು, ಬೇಕು. ಮೊಬೈಲೇ ಆಗಬೇಕೆಂದಿಲ್ಲ, ಆದರೆ ಒಂದು ನೆವ ಬೇಕು. ನಮ್ಮಲ್ಲಿ ಯಾರೂ ನೆವವಿಲ್ಲದೆ ನಡೆದವರಲ್ಲ. ಹೊಲಕ್ಕೆ ಬುತ್ತಿ ಒಯ್ಯುವುದು, ಬಾವಿಯಿಂದ ನೀರು ತರುವುದು, ಸಂತೆ, ಜಾತ್ರೆ, ತವರಿಗೆ ಹೋಗುವುದು, ಇವೆಲ್ಲ ನಡಿಗೆಯ ನೆವಗಳು. ನಲ್ಲಿ ಮನೆಗೇ ಬಂತು, ಬುತ್ತಿ ಬೈಕಿನ ಮೇಲೆ ಹೋಯಿತು, ತವರಿಗೆ ಬಸ್ಸಾಯಿತು. ಅದರಲ್ಲಿ ನನಗೇನೂ ದುಃಖವಿಲ್ಲ. ನೀರು ಹೊತ್ತವರ ಸೊಂಟವನ್ನು ಕೇಳಿದರೆ ಆ ಕಾಲದ ಹಂಬಲ ಇಳಿದೀತು. ಆದರೆ ಕೆಲಸ ಹೋದ ಜೊತೆಗೆ ನೆವವೂ ಹೋಯಿತು. ಹೋದ ನೆವದ ಜಾಗದಲ್ಲಿ ಆಟವೊಂದು ಬಂದು ಕೂತರೆ, ಹಂಗಿಸುವ ಮುಂಚೆ ಅದು ಯಾರಿಗೆ, ಯಾಕೆ ಬೇಕಾಯಿತು ಎಂದು ಕೇಳಬೇಕು.

ನನಗೆ ಯಾಕೆ ಬೇಕಾಯಿತು ಎಂದು ಹೇಳುತ್ತೇನೆ. ನಾನು ಬೈಲಹೊಂಗಲದಲ್ಲಿ ಮಕ್ಕಳಿಗೆ ಕನ್ನಡ ಕಲಿಸುವವಳು. ರಕ್ತ ಪರೀಕ್ಷೆಯ ಚೀಟಿ ನೋಡಿ ಡಾಕ್ಟರು, ‘ಸಕ್ಕರೆ ಅಂಚಿನ್ಯಾಗ ಐತ್ರಿ, ದಿನಾ ಮುಕ್ಕಾಲು ತಾಸು ನಡೀರಿ’ ಎಂದರು. ನನ್ನಂಥವರು ಕಡಿಮೆಯೇನಿಲ್ಲ. 2023ರಲ್ಲಿ ಪ್ರಕಟವಾದ ಐಸಿಎಂಆರ್ ಅಧ್ಯಯನದ ಪ್ರಕಾರ ದೇಶದಲ್ಲಿ ಮಧುಮೇಹ ಇರುವವರು 10 ಕೋಟಿಗೂ ಹೆಚ್ಚು, ನನ್ನ ಹಾಗೆ ಅಂಚಿನಲ್ಲಿ ನಿಂತವರು 13.6 ಕೋಟಿ. ‘ನಡೀರಿ’ ಎಂಬ ಔಷಧಿಯನ್ನು ಎಲ್ಲರಿಗೂ ಬರೆದುಕೊಡುತ್ತಾರೆ. ಅದು ಯಾವ ಅಂಗಡಿಯಲ್ಲಿ ಸಿಗುತ್ತದೆಂದು ಹೇಳುವುದಿಲ್ಲ.

ನಮ್ಮ ಕಡೆ ರಸ್ತೆಯಲ್ಲಿ ಎದುರಾದವರನ್ನು ಮಾತಾಡಿಸುವ ಮೊದಲ ಮಾತೇ, ‘ಎತ್ತಾಗ ಹೊಂಟ್ರಿ?’ ಇದರಲ್ಲಿ ಕೆಡುಕಿಲ್ಲ. ನಮಸ್ಕಾರಕ್ಕೆ ಬದಲಾಗಿ ಕೇಳುವ ಮಾತು. ಗಂಡಸು ‘ಇಲ್ಲೇ’ ಎಂದು ಕೈ ಬೀಸಿ ಮುಂದೆ ಹೋಗಬಹುದು. ಹೆಂಗಸು ಉತ್ತರ ಕೊಡಬೇಕು. ‘ಅಕ್ಕಾರ, ಎತ್ತಾಗ ಹೊಂಟ್ರಿ?’ ಎಂದಾಗ ಗುಡಿ, ದವಾಖಾನೆ, ಕಾಯಿಪಲ್ಲೆ, ಬ್ಯಾಂಕು, ಮಗಳ ಟ್ಯೂಷನ್, ಇವು ಉತ್ತರಗಳು. ‘ಸುಮ್ಮನ’ ಎಂಬುದು ಉತ್ತರವಲ್ಲ. ‘ಸುಮ್ಮನ’ ಎಂದರೆ ಕೇಳಿದವರ ಕಣ್ಣು ನಿಮ್ಮ ಬೆನ್ನಿನ ಮೇಲೆ ತಿರುವಿನವರೆಗೂ ಬರುತ್ತದೆ. ಡಾಕ್ಟರು ಹೇಳಿದ ಮೇಲಿನ ಮೊದಲ ತಿಂಗಳು ನಾನು ಬರೀ ಕೈಯಲ್ಲಿ ಹೊರಟಿದ್ದೇ ಇಲ್ಲ. ಮನೆಯಲ್ಲಿ ಬದನೆಕಾಯಿ ಇದ್ದರೂ ಕಾಯಿಪಲ್ಲೆ ಚೀಲ ಹಿಡಿದು ಹೊರಟೆ. ನನ್ನ ಓರಗೆಯ ಇನ್ನಿಬ್ಬರು ದಿನಾ ಒಂದೇ ಗುಡಿಗೆ ದೂರದ ದಾರಿ ಹಿಡಿದು ಹೋಗುತ್ತಿದ್ದರು. ಊರಿನ ಹೆಂಗಸರ ಭಕ್ತಿ ಹೆಚ್ಚಾಯಿತೆಂದು ಯಾರಾದರೂ ತಿಳಿದಿದ್ದರೆ, ಅದರಲ್ಲಿ ಒಂದಿಷ್ಟು ಪಾಲು ಸಕ್ಕರೆಯದ್ದು.

ಇದು ನಮ್ಮೂರಿನ ವಿಶೇಷವೂ ಅಲ್ಲ. ಶಿಲ್ಪಾ ಫಡ್ಕೆ, ಸಮೀರಾ ಖಾನ್ ಮತ್ತು ಶಿಲ್ಪಾ ರಾನಡೆ 2011ರಲ್ಲಿ ಬರೆದ ‘ವೈ ಲಾಯ್ಟರ್?’ ಎಂಬ ಪುಸ್ತಕ ಮುಂಬಯಿಯ ಹೆಂಗಸರ ಬಗ್ಗೆ ಇದನ್ನೇ ಹೇಳುತ್ತದೆ. ಅಷ್ಟು ದೊಡ್ಡ ನಗರದಲ್ಲೂ ಹೊರಗೆ ಇರುವ ಹೆಂಗಸು ತನಗೊಂದು ಕೆಲಸವಿದೆ ಎಂದು ತೋರಿಸಿಕೊಳ್ಳುತ್ತಲೇ ಇರಬೇಕು. ಮುಂಬಯಿಯಲ್ಲಿ ಆ ಹೆಂಗಸನ್ನು ನೋಡುವವರು ಅಪರಿಚಿತರು. ತಾಲೂಕು ಊರಿನಲ್ಲಿ ನೋಡುವವರು ಮಾವನ ಸ್ನೇಹಿತರು, ವಿದ್ಯಾರ್ಥಿಯ ತಂದೆ, ಬೀಗರ ಕಡೆಯವರು. 2024ರಲ್ಲಿ ಲ್ಯಾನ್ಸೆಟ್ ಬಳಗದ ಪತ್ರಿಕೆಯೊಂದು ಪ್ರಕಟಿಸಿದ ಅಂದಾಜಿನಂತೆ, ಭಾರತದಲ್ಲಿ ಬೇಕಾದಷ್ಟು ದೈಹಿಕ ಚಟುವಟಿಕೆ ಇಲ್ಲದ ವಯಸ್ಕ ಗಂಡಸರು ನೂರಕ್ಕೆ 42, ಹೆಂಗಸರು 57. ಈ ಅಂಕಿ ಬಂದಾಗ ಪತ್ರಿಕೆಗಳು ಸೋಮಾರಿತನದ ಬಗ್ಗೆ ಬರೆದವು. ಮನೆಗೆಲಸ ಮುಗಿಸಿ ಕೆಲಸಕ್ಕೆ ಹೋಗಿ ಬಂದು ಮತ್ತೆ ಮನೆಗೆಲಸ ಮಾಡುವವಳು ಸೋಮಾರಿಯಾದದ್ದು ಯಾವಾಗ? 42 ಮತ್ತು 57ರ ನಡುವಿನ ಆ ಹದಿನೈದರಲ್ಲಿ ‘ಎತ್ತಾಗ ಹೊಂಟ್ರಿ’ಗೆ ಉತ್ತರ ಸಿಗದೆ ಒಳಗೇ ಉಳಿದವರೂ ಇದ್ದಾರೆ ಎಂದು ನಾನು ತಿಳಿದಿದ್ದೇನೆ.

ಪೋಕೆಮಾನ್ ಗೋ ನನ್ನ ಮೊಬೈಲಿಗೆ ಬಂದದ್ದು ಪಕ್ಕದ ಮನೆಯ ಪಿಯುಸಿ ಹುಡುಗನಿಂದ. 2016ರ ಜುಲೈಯಲ್ಲಿ ಅಮೆರಿಕ, ಆಸ್ಟ್ರೇಲಿಯಾದಲ್ಲಿ ಶುರುವಾಗಿ ಅದೇ ಡಿಸೆಂಬರಿನಲ್ಲಿ ಭಾರತಕ್ಕೆ ಬಂದ ಆಟ ಅದು. ಹುಚ್ಚು ಇಳಿದು ಎಷ್ಟೋ ವರ್ಷವಾದ ಮೇಲೆ ನನಗೆ ಸಿಕ್ಕಿತು. ಆಟದ ನಕ್ಷೆಯೆಂದರೆ ನಾವು ನಿಂತ ಊರಿನದೇ ನಕ್ಷೆ. ನಡೆಯುತ್ತ ಹೋದಂತೆ ವಿಚಿತ್ರ ಪ್ರಾಣಿಗಳು ಎದುರಾಗುತ್ತವೆ, ಹಿಡಿಯಬೇಕು. ನನಗೆ ಹಿಡಿಸಿದ್ದು ಪ್ರಾಣಿಗಳಲ್ಲ, ತತ್ತಿಗಳು. ಪೋಕೆಸ್ಟಾಪ್ ಎಂಬ ತಾಣಗಳಲ್ಲಿ ತತ್ತಿ ಸಿಗುತ್ತದೆ. ಒಂದು 2 ಕಿಲೋಮೀಟರ್ ನಡೆದರೆ ಒಡೆಯುತ್ತದೆ, ಇನ್ನೊಂದು 5, ಮತ್ತೊಂದು 10. ದುಡ್ಡು ಕೊಟ್ಟರೆ ಒಡೆಯುವುದಿಲ್ಲ, ಕೂತರೆ ಒಡೆಯುವುದಿಲ್ಲ. ಆಟ ತೆರೆದಿಟ್ಟುಕೊಂಡು ಬೈಕಿನ ವೇಗದಲ್ಲಿ ಹೋದರೆ ಆ ದೂರವನ್ನು ಅದು ಲೆಕ್ಕಕ್ಕೇ ಹಿಡಿಯುವುದಿಲ್ಲ. ಎದುರಿನ ಅಂಗಡಿಯಿಂದ ಕಡ್ಡಿಪೆಟ್ಟಿಗೆ ತರಲಿಕ್ಕೂ ಗಾಡಿಗೆ ಒದೆಯುವ ಊರಿನಲ್ಲಿ ಇಂಥ ಕಟ್ಟುನಿಟ್ಟಿನ ನ್ಯಾಯಾಧೀಶನನ್ನು ನಾನು ಬೇರೆಲ್ಲೂ ಕಂಡಿಲ್ಲ.

ಪರದೆ ನೋಡುತ್ತ ನಡೆದು ಬಿದ್ದುಬಿಡುತ್ತೀರಿ ಎನ್ನುವವರಿಗೆ ಒಂದು ಮಾಹಿತಿ. ಅಡ್ವೆಂಚರ್ ಸಿಂಕ್ ಎಂಬ ಸೌಲಭ್ಯ 2018ರಿಂದ ಇದೆ. ಆಟ ಮುಚ್ಚಿದ್ದರೂ ಮೊಬೈಲ್ ನಡೆದ ದೂರವನ್ನು ಎಣಿಸಿಕೊಳ್ಳುತ್ತದೆ. ನನ್ನ ಮೊಬೈಲ್ ವ್ಯಾನಿಟಿ ಬ್ಯಾಗಿನಲ್ಲಿರುತ್ತದೆ, ನನ್ನ ಕಣ್ಣು ರಸ್ತೆಯ ಮೇಲಿರುತ್ತದೆ. ನಮ್ಮ ರಸ್ತೆಗಳಲ್ಲಿ ಕಣ್ಣಿಗೆ ಬೇರೆ ಕಡೆ ಹೋಗುವ ಸ್ವಾತಂತ್ರ್ಯವೂ ಇಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಆಟ ನನಗೊಂದು ಉತ್ತರ ಕೊಟ್ಟಿತು. ‘ಅಕ್ಕಾರ, ಎತ್ತಾಗ ಹೊಂಟ್ರಿ?’ ‘ತತ್ತಿ ಮರಿ ಮಾಡಾಕ ಹೊಂಟೀನ್ರಿ.’ ತತ್ತಿಯ ಹೆಸರನ್ನೂ ಮೆಲ್ಲಗೆ ಹೇಳುವ ನಮ್ಮ ಓಣಿಯಲ್ಲಿ ಈ ಉತ್ತರಕ್ಕೆ ಮೊದಲು ಗಾಬರಿ, ಆಮೇಲೆ ನಗು. ‘ಸುಮ್ಮನ’ ಎಂದಿದ್ದರೆ ಹುಟ್ಟುತ್ತಿದ್ದದ್ದು ಸಂಶಯ, ಈಗ ಹುಟ್ಟಿದ್ದು ನಗು. ನಕ್ಕ ಮೇಲೆ ಮತ್ತೊಂದು ಪ್ರಶ್ನೆ ಬರಲಿಲ್ಲ. ಅಂದಹಾಗೆ, ಆ ತತ್ತಿಗಳು ದೇಶದ ನ್ಯಾಯಾಲಯಕ್ಕೂ ಹೋಗಿವೆ. ಆಟ ಅಧಿಕೃತವಾಗಿ ಇಲ್ಲಿಗೆ ಬರುವ ಮೊದಲೇ, 2016ರ ಸೆಪ್ಟೆಂಬರಿನಲ್ಲಿ, ಪೂಜಾಸ್ಥಳಗಳಲ್ಲಿ ತತ್ತಿ ತೋರಿಸುವುದು ಧಾರ್ಮಿಕ ಭಾವನೆಗೆ ಧಕ್ಕೆ ಎಂದು ಗುಜರಾತ್ ಹೈಕೋರ್ಟಿನಲ್ಲಿ ಸಾರ್ವಜನಿಕ ಹಿತಾಸಕ್ತಿ ಅರ್ಜಿ ಹಾಕಲಾಯಿತು. ಇಲ್ಲದ ತತ್ತಿಗೆ ಸಿಕ್ಕ ಈ ಗಮನ ಇಲ್ಲದ ಫುಟ್‌ಪಾತಿಗೆ ಸಿಕ್ಕಿದ್ದರೆ ಈ ಲೇಖನ ಬೇಕಾಗುತ್ತಿರಲಿಲ್ಲ.

ಈಗ ಆಕ್ಷೇಪಗಳಿಗೆ ಬರುತ್ತೇನೆ. ಮೊದಲನೆಯದು ಹಿರಿಯರದ್ದು: ‘ಹಿಂದಿನವರು ಆಟ ಆಡ್ಕೋತ ನಡೀತಿದ್ರೇನು?’ ಆಡುತ್ತಲೇ ನಡೆಯುತ್ತಿದ್ದರು. ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ನಾಗರಪಂಚಮಿಗೆ ನಿಂಬೆಹಣ್ಣು ಎಸೆಯುವ ಪಂದ್ಯ ಕಟ್ಟುವುದನ್ನು ಅವರೇ ನೋಡಿರುತ್ತಾರೆ. ಇಷ್ಟು ಎಸೆತದಲ್ಲಿ ಇಂಥ ಊರು ಮುಟ್ಟುತ್ತೇನೆಂದು ಪಣ. ಹಣ್ಣು ಬಿದ್ದಲ್ಲಿಗೆ ನಡೆಯಬೇಕು, ಅಲ್ಲಿಂದ ಮತ್ತೆ ಎಸೆಯಬೇಕು, ಹಿಂದೆ ಗೆಳೆಯರ ದಂಡು. ನಕ್ಷೆ, ಗುರಿ, ಲೆಕ್ಕ, ಗೆಲುವು ಎಲ್ಲವೂ ಅದರಲ್ಲಿದೆ. ಮೊಬೈಲ್ ಒಂದಿಲ್ಲ. ಭಾರತ ಹುಣ್ಣಿಮೆಗೆ ಸವದತ್ತಿಯ ಎಲ್ಲಮ್ಮನ ಗುಡ್ಡಕ್ಕೆ ಕಾಲ್ನಡಿಗೆಯಲ್ಲಿ ಹೋಗುವವರು ‘ಉಧೋ ಉಧೋ’ ಎನ್ನುತ್ತ, ಭಂಡಾರ ಹಚ್ಚಿಕೊಂಡು, ಹಾಡಿಕೊಂಡು ಹೋಗುತ್ತಾರೆ. ಯುಗಾದಿಯ ಹೊತ್ತಿಗೆ ನಮ್ಮ ಭಾಗದಿಂದ ಶ್ರೀಶೈಲಕ್ಕೆ ನಡೆದು ಹೋಗುವವರಿಗೆ ದಾರಿಯುದ್ದಕ್ಕೂ ಊಟ, ನೀರು, ಕಾಲಿಗೆ ಎಣ್ಣೆ ತಿಕ್ಕುವವರು ಇರುತ್ತಾರೆ. ಅವರಲ್ಲಿ ಯಾರೂ ಆರೋಗ್ಯಕ್ಕಾಗಿ ನಡೆಯುತ್ತಿಲ್ಲ. ಎಲ್ಲರೂ ಇನ್ನೇನಕ್ಕೋ ನಡೆಯುತ್ತಿದ್ದಾರೆ, ಆದ್ದರಿಂದಲೇ ಅಷ್ಟು ದೂರ ಹೋಗುತ್ತಾರೆ.

ಪಂಚಮಿಯ ವಿಷಯ ಬಂದದ್ದರಿಂದ ಇನ್ನೊಂದು ಮಾತು. ಗಂಡಸರ ಪಂಚಮಿ ಆಟ ಊರು ದಾಟಿ ಹೋಗುತ್ತಿತ್ತು. ಹೆಂಗಸರಿಗೆ ಕೊಟ್ಟ ಆಟ ಜೋಕಾಲಿ. ಅದನ್ನು ಮರಕ್ಕೆ ಕಟ್ಟಿರುತ್ತಾರೆ, ಎಷ್ಟು ಎತ್ತರ ಜೀಕಿದರೂ ಹೊರಟ ಜಾಗಕ್ಕೇ ಬಂದು ಇಳಿಯಬೇಕು. ಜೋಕಾಲಿ ಕೆಟ್ಟದ್ದೆಂದು ನಾನು ಹೇಳುತ್ತಿಲ್ಲ, ನನಗೂ ಅದು ಪ್ರೀತಿ. ನಡೆದು ಊರು ದಾಟುವ ಆಟ ನಮ್ಮ ಕೈಗೆ ಬರಲಿಕ್ಕೆ ಜಪಾನಿನ ಗೊಂಬೆಗಳು ಅಮೆರಿಕದ ಕಂಪನಿಯೊಂದರ ಮೂಲಕ ಬರಬೇಕಾಯಿತು ಎಂಬುದಷ್ಟೇ ನನ್ನ ತಕರಾರು.

ಎರಡನೆಯ ಆಕ್ಷೇಪ ಸಾಹಿತ್ಯದವರದ್ದು, ಅಂದರೆ ನಮ್ಮದೇ ಮನೆಯದ್ದು. ನಡಿಗೆಯೆಂದರೆ ಧ್ಯಾನ, ಅದಕ್ಕೆ ಏಕಾಂತ ಬೇಕು, ಹಕ್ಕಿಯ ದನಿ ಬೇಕು, ಅಂಕ ಮತ್ತು ಬಹುಮಾನ ಸೇರಿಸಿದರೆ ಅದು ಕೆಟ್ಟಿತು ಎಂಬ ವಾದ. ದಿನಕ್ಕೆ ನಾಲ್ಕು ತಾಸಾದರೂ ಕಾಡುಮೇಡು ಅಲೆಯದಿದ್ದರೆ ತನ್ನ ಆರೋಗ್ಯವಾಗಲಿ ಚೈತನ್ಯವಾಗಲಿ ಉಳಿಯದು ಎಂದು ಥೋರೋ ಬರೆದದ್ದನ್ನು ನಾನೂ ಓದಿದ್ದೇನೆ, ಮೆಚ್ಚಿದ್ದೇನೆ. ಆದರೆ ನಾಲ್ಕು ತಾಸಿನ ಏಕಾಂತ ಯಾರಿಗೆ ಸಿಗುತ್ತದೆ ಎಂದು ಕೇಳುವುದೂ ಓದಿನ ಭಾಗವೇ. ಅಕ್ಕಮಹಾದೇವಿ ಉಡುತಡಿಯಿಂದ ಕಲ್ಯಾಣಕ್ಕೆ, ಅಲ್ಲಿಂದ ಶ್ರೀಶೈಲಕ್ಕೆ ಹೋದದ್ದನ್ನು ನಾನು ವರ್ಷವರ್ಷವೂ ಪಾಠ ಮಾಡುತ್ತೇನೆ. ಪಾಠ ಕೇಳಿದ ಹುಡುಗಿ ಬಸ್ ಸ್ಟ್ಯಾಂಡಿನಿಂದ ಎರಡು ರಸ್ತೆ ಆಚೆ ಸುಮ್ಮನೆ ನಡೆದರೆ ಸಂಜೆಯೊಳಗೆ ಮನೆಗೆ ಸುದ್ದಿ ಮುಟ್ಟುತ್ತದೆ. ಜಂಗಮವನ್ನು ಹಾಡಿ ಹೊಗಳುವ ನಾಡು ತನ್ನ ಹೆಣ್ಣುಮಕ್ಕಳನ್ನು ಸ್ಥಾವರ ಮಾಡಿ ಇಟ್ಟುಕೊಂಡು, ಅವರು ತತ್ತಿಯ ನೆವ ಹೇಳಿ ಹೊರಬಿದ್ದರೆ ನಡಿಗೆಯ ಪಾವಿತ್ರ್ಯ ಕೆಟ್ಟಿತೆಂದು ಅಳುವುದು ನನಗೆ ಒಪ್ಪಿಗೆಯಿಲ್ಲ.

ಮೂರನೆಯದು ಲೆಕ್ಕದವರ ಆಕ್ಷೇಪ, ಅದರಲ್ಲಿ ತೂಕವಿದೆ. 2016ರ ಡಿಸೆಂಬರಿನಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್ ಒಂದು ಅಧ್ಯಯನ ಪ್ರಕಟಿಸಿತು. ಅಮೆರಿಕದಲ್ಲಿ ಪೋಕೆಮಾನ್ ಗೋ ಹಾಕಿಕೊಂಡವರ ನಡಿಗೆ ಮೊದಲ ವಾರ ದಿನಕ್ಕೆ ಸರಾಸರಿ 955 ಹೆಜ್ಜೆ ಹೆಚ್ಚಿತು. ಆಮೇಲೆ ವಾರವಾರಕ್ಕೂ ಇಳಿದು, ಆರನೆಯ ವಾರಕ್ಕೆ ಮೊದಲು ಎಲ್ಲಿತ್ತೋ ಅಲ್ಲಿಗೇ ಬಂದಿತು. ‘ನೋಡಿದಿರಾ?’ ಎನ್ನುತ್ತಾರೆ. ನೋಡಿದೆ. ನೆವ ಬಾಗಿಲು ದಾಟಿಸುತ್ತದೆ, ಆಮೇಲಿನ ದಾರಿಗೆ ಬೇರೆಯದೇ ಬುತ್ತಿ ಬೇಕು. ನನ್ನ ಉತ್ಸಾಹವೂ ಇಳಿಯಿತು. ಯಾವ ತತ್ತಿಯಿಂದ ಏನು ಬರುತ್ತದೆಂಬ ಕುತೂಹಲ ಎರಡು ತಿಂಗಳಿಗೆ ತೀರಿತು. ಆದರೆ ಅಷ್ಟರಲ್ಲಿ ಗುಡಿಯ ಸುತ್ತುದಾರಿಯವರಿಬ್ಬರು ನನ್ನ ಜೊತೆ ಸೇರಿದ್ದರು, ಆಮೇಲೆ ಇನ್ನೊಬ್ಬಳು. ಮುಖ್ಯವಾಗಿ, ಓಣಿಗೆ ನಮ್ಮನ್ನು ನೋಡಿ ಅಭ್ಯಾಸವಾಗಿತ್ತು. ಎಂಟು ವಾರ ದಿನಾ ಒಂದೇ ಹೊತ್ತಿಗೆ ಕಂಡ ಹೆಂಗಸನ್ನು ಒಂಬತ್ತನೆಯ ವಾರ ‘ಎತ್ತಾಗ’ ಎಂದು ಯಾರೂ ಕೇಳುವುದಿಲ್ಲ. ಆ ಅಧ್ಯಯನ ಅಳೆದದ್ದು ಆಟಗಾರರ ಕಾಲನ್ನು. ನಮ್ಮಲ್ಲಿ ಅಭ್ಯಾಸವಾಗಬೇಕಾದದ್ದು ಕಾಲಿಗಷ್ಟೇ ಅಲ್ಲ, ನೋಡುವವರ ಕಣ್ಣಿಗೂ. ಅದನ್ನು ಅಳೆಯುವ ಯಂತ್ರ ನನ್ನ ಮೊಬೈಲಿನಲ್ಲಿಲ್ಲ.

ಗಂಭೀರ ನಡಿಗೆಯವರೂ ಆಟವನ್ನು ಹಗುರ ಮಾಡುವಂತಿಲ್ಲ. ದಿನಕ್ಕೆ 10,000 ಹೆಜ್ಜೆ ಎಂದು ಅವರು ಮಂತ್ರದಂತೆ ಹೇಳುವ ಸಂಖ್ಯೆ ಯಾವ ವೈದ್ಯರ ಚೀಟಿಯಿಂದಲೂ ಹುಟ್ಟಿದ್ದಲ್ಲ. ಟೋಕಿಯೋ ಒಲಿಂಪಿಕ್ಸ್ ಮುಗಿದ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಹೆಜ್ಜೆ ಎಣಿಸುವ ಯಂತ್ರ ಮಾರಲು ಇಟ್ಟ ಹೆಸರು ‘ಮಾನ್ಪೋಕೆಯಿ’, ಹತ್ತು ಸಾವಿರ ಹೆಜ್ಜೆಯ ಮಾಪಕ. 2019ರಲ್ಲಿ ಅಮೆರಿಕದ ವಯಸ್ಸಾದ ಹೆಂಗಸರ ಮೇಲೆ ಪ್ರಕಟವಾದ ಅಧ್ಯಯನದಲ್ಲಿ ದಿನಕ್ಕೆ ಸುಮಾರು 4,400 ಹೆಜ್ಜೆ ನಡೆದವರಲ್ಲೇ ಸಾವಿನ ಪ್ರಮಾಣ ಎದ್ದುಕಾಣುವಷ್ಟು ಕಡಿಮೆ ಇತ್ತು. 7,500ರ ಆಚೆ ಹೆಚ್ಚಿನ ಲಾಭ ಕಾಣಲಿಲ್ಲ. ಅಂದರೆ ಕೈಗೆ ಗಡಿಯಾರ ಕಟ್ಟಿಕೊಂಡು ಹತ್ತು ಸಾವಿರ ಮುಟ್ಟಿಸುವವರೂ ಯಾರೋ ಮಾರಾಟಕ್ಕಿಟ್ಟ ಆಟವನ್ನೇ ಆಡುತ್ತಿದ್ದಾರೆ. ಅವರದಕ್ಕೆ ಗೊಂಬೆಯಿಲ್ಲ, ಅಷ್ಟೇ.

ನಾಲ್ಕನೆಯ ಆಕ್ಷೇಪ ಎಲ್ಲಕ್ಕಿಂತ ದೊಡ್ಡದು, ಅದನ್ನು ಎತ್ತುವವರು ನನ್ನ ವಿದ್ಯಾರ್ಥಿಗಳು. ಕಂಪನಿ ನಮ್ಮ ಕಾಲನ್ನು ಮಾರಿಕೊಳ್ಳುತ್ತದೆ, ನಿಮಗೆ ಗೊತ್ತೇ? ಗೊತ್ತು. ಜಪಾನಿನಲ್ಲಿ ಆಟ ಶುರುವಾದಾಗಲೇ ಮೆಕ್‌ಡೊನಾಲ್ಡ್ಸ್ ಅಂಗಡಿಗಳು ಅದರ ನಕ್ಷೆಯ ತಾಣಗಳಾದವು. ಭಾರತಕ್ಕೆ ಅದು ಬಂದದ್ದೇ ಜಿಯೋ ಜೊತೆಗಿನ ಒಪ್ಪಂದದಲ್ಲಿ, ಇಲ್ಲಿ ರಿಲಯನ್ಸ್ ಡಿಜಿಟಲ್ ಅಂಗಡಿಗಳು ತಾಣಗಳಾದವು. ಆಟ ಕಟ್ಟಿದ ನಿಯಾಂಟಿಕ್ ತನ್ನ ಆಟಗಳ ವ್ಯವಹಾರವನ್ನು ಸ್ಕೋಪ್ಲಿ ಎಂಬ ಕಂಪನಿಗೆ 350 ಕೋಟಿ ಡಾಲರಿಗೆ ಮಾರುವುದಾಗಿ 2025ರ ಮಾರ್ಚಿನಲ್ಲಿ ಪ್ರಕಟಿಸಿತು. ಆ ಬೆಲೆ ಬಂದದ್ದು ಜನ ನಡೆದದ್ದರಿಂದ. ನಕ್ಷೆಯೂ ಸಮನಾಗಿಲ್ಲ. ನಿಯಾಂಟಿಕ್‌ನ ಹಿಂದಿನ ಆಟವಾದ ಇಂಗ್ರೆಸ್‌ನಲ್ಲಿ ಆಟಗಾರರು ಗುರುತಿಸಿದ ಜಾಗಗಳೇ ಬಹುಪಾಲು ಪೋಕೆಸ್ಟಾಪ್‌ಗಳಾದವು. ಆ ಆಟಗಾರರು ಹೆಚ್ಚು ಇದ್ದದ್ದು ಶ್ರೀಮಂತ ನಗರಗಳಲ್ಲಿ. ಆದ್ದರಿಂದ ದೊಡ್ಡ ಊರಿನಲ್ಲಿ ಹೆಜ್ಜೆಗೊಂದು ತಾಣ, ನಮ್ಮಂಥ ಕಡೆ ಹುಡುಕಿದರೆ ಒಂದು.

ಇದನ್ನೆಲ್ಲ ಒಪ್ಪಿಕೊಂಡೇ ಕೇಳುತ್ತೇನೆ. ಕಂಪನಿ ನನ್ನ ಹೆಜ್ಜೆಗೆ ಬೆಲೆ ಕಟ್ಟಿತು, ಸರಿ. ನಮ್ಮ ಊರುಗಳು ಏನು ಕಟ್ಟಿದವು? ತಾಲೂಕು ಊರಿನ ಯಾವುದೇ ಮುಖ್ಯ ರಸ್ತೆಯನ್ನು ನೆನಪಿಸಿಕೊಳ್ಳಿ. ಗಟಾರದ ಮೇಲಿನ ಕಲ್ಲುಚಪ್ಪಡಿಯೇ ಫುಟ್‌ಪಾತು, ಅದರಲ್ಲಿ ನಾಲ್ಕಕ್ಕೊಂದು ಒಡೆದಿರುತ್ತದೆ, ಉಳಿದವುಗಳ ಮೇಲೆ ಅಂಗಡಿಯ ಬೋರ್ಡು, ಬೈಕು. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರಿನ ಟ್ರ್ಯಾಕ್ಟರಿಗೆ ದಾರಿ ಬಿಟ್ಟು ಗೋಡೆಗೆ ಅಂಟಿಕೊಳ್ಳಬೇಕು. ಮಳೆಗಾಲದಲ್ಲಿ ಎರೆಮಣ್ಣು ಚಪ್ಪಲಿಗೆ ಹತ್ತಿ ಒಂದೊಂದು ಕಾಲೂ ಒಂದೊಂದು ಸೇರು ಭಾರ. ಕತ್ತಲಾದರೆ ದೀಪವಿಲ್ಲದ ತಿರುವಿನಲ್ಲಿ ನಾಯಿಗಳ ದರ್ಬಾರು. ಇಂಡಿಯನ್ ರೋಡ್ಸ್ ಕಾಂಗ್ರೆಸ್ಸಿನ ಮಾರ್ಗಸೂಚಿ ಫುಟ್‌ಪಾತಿನಲ್ಲಿ ಅಡ್ಡಿಯಿಲ್ಲದ 1.8 ಮೀಟರ್ ಅಗಲವನ್ನಾದರೂ ಕೇಳುತ್ತದೆ. 2025ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು, ಪಾದಚಾರಿಗಳಿಗೆ ಫುಟ್‌ಪಾತು ಸಿಗುವುದು ಸಂವಿಧಾನದ 21ನೆಯ ವಿಧಿ ಕೊಟ್ಟ ಜೀವಿಸುವ ಹಕ್ಕಿನ ಭಾಗ ಎಂದು ಹೇಳಿತು. ‘ನಡೆಯಲಿಕ್ಕೂ ಮೊಬೈಲ್ ಬೇಕೇನು?’ ಎಂದವರಲ್ಲಿ ಒಬ್ಬರಾದರೂ ‘ನಡೆಯಲಿಕ್ಕೆ ಫುಟ್‌ಪಾತು ಬೇಡವೇನು?’ ಎಂದು ಕೇಳಿದ್ದನ್ನು ನಾನು ಕಾಣೆ. ಆಟವನ್ನು ಹಂಗಿಸುವುದು ಸುಲಭ, ಅದಕ್ಕೆ ಅರ್ಜಿ ಬರೆಯಬೇಕಾಗಿಲ್ಲ.

ನಮ್ಮೂರಿನ ಅತಿ ದೊಡ್ಡ ಹೆಸರು ಒಬ್ಬ ಹೆಣ್ಣಿನದ್ದು. ಕಿತ್ತೂರಿನ ಚೆನ್ನಮ್ಮ 1824ರಲ್ಲಿ ಬ್ರಿಟಿಷರ ಎದುರು ನಿಂತಳು. ಸೆರೆ ಸಿಕ್ಕು ಕೊನೆಯ ವರ್ಷಗಳನ್ನು ಬೈಲಹೊಂಗಲದ ಕೋಟೆಯಲ್ಲಿ ಕಳೆದು, 1829ರಲ್ಲಿ ಇಲ್ಲೇ ತೀರಿಕೊಂಡಳು. ಅವಳ ಸಮಾಧಿ ಇಲ್ಲಿದೆ. ನಾವು ನಾಲ್ವರು ವಾರಕ್ಕೊಮ್ಮೆ ಅಲ್ಲಿಯವರೆಗೆ ನಡೆಯುತ್ತೇವೆ. ಗೋಡೆಯೊಳಗೆ ಕೂಡಿಹಾಕಿದವಳ ಹೆಸರಿನಲ್ಲಿ ಊರು ಮೆರವಣಿಗೆ ಮಾಡುತ್ತದೆ, ಒಳ್ಳೆಯದೇ. ಅವಳ ಊರಿನ ಹೆಂಗಸರು ಯಾವ ಚೀಲವನ್ನೂ ಹಿಡಿಯದೆ, ಯಾವ ನೆವವನ್ನೂ ಹೇಳದೆ ಅಲ್ಲಿಗೆ ನಡೆದು ಬರುವಂತಾದರೆ ಇನ್ನೂ ಒಳ್ಳೆಯದು.

ಅಲ್ಲಿಯವರೆಗೆ ನೆವಗಳನ್ನು ಬಿಟ್ಟುಕೊಡಬಾರದು. ಇದನ್ನು ಓದುತ್ತಿರುವ ವಿದ್ಯಾರ್ಥಿಗಳಿಗೆ ಎರಡು ಮಾತು. ಆಟದಲ್ಲಿ ಮೇಲಿನ ಹಂತ ಮುಟ್ಟಿದವರು ಹೊಸ ತಾಣಗಳನ್ನು ಸೂಚಿಸಬಹುದು. ನಿಮ್ಮೂರಿನ ವೀರಗಲ್ಲು, ಹಳೆಯ ಬಾವಿ, ಗರಡಿಮನೆ, ಗ್ರಂಥಾಲಯ ಇವನ್ನು ಸೂಚಿಸಿ. ಕಂಪನಿಯ ನಕ್ಷೆ ಅಂಗಡಿಗಳನ್ನು ಮಾತ್ರ ಕಾಣದಿರಲಿ. ಅದಕ್ಕಿಂತ ಮೊದಲು ಕಾಗದದ ಮೇಲೊಂದು ನಕ್ಷೆ ಬರೆಯಿರಿ: ನಿಮ್ಮ ಮನೆಯಿಂದ ಕಾಲೇಜಿನವರೆಗೆ ಫುಟ್‌ಪಾತು ಎಲ್ಲಿದೆ, ಎಲ್ಲಿ ಒಡೆದಿದೆ, ಯಾವ ಕಂಬದಲ್ಲಿ ದೀಪವಿಲ್ಲ. ಒಂದು ವಾರದ ಕೆಲಸ. ಅದನ್ನು ಬರೆಯಬೇಕಾದರೆ ನಡೆಯಲೇಬೇಕು. ಯಾರಾದರೂ ‘ಎತ್ತಾಗ ಹೊಂಟಿ?’ ಎಂದರೆ ಹೇಳಲಿಕ್ಕೆ ನೆವ ಇರುತ್ತದೆ. ಬರೆದ ಮೇಲೆ ಅದನ್ನು ಅರ್ಜಿಗೆ ಲಗತ್ತಿಸಿ, ಯಾರಿಗೆ ಕೊಡಬೇಕೋ ಅವರಿಗೆ ಕೊಟ್ಟು ಸ್ವೀಕೃತಿ ಪತ್ರ ತೆಗೆದುಕೊಳ್ಳಿ. ಆ ಕಚೇರಿಗೂ ನಡೆದೇ ಹೋಗಿ.